ಬೆಳ್ಳಿ ತಟ್ಟೆಯಲ್ಲಿ ಬೆರೆತ ತೋಟಾಗಳು

ನಾನು ಹುಟ್ಟಾ ಅಂಜುಬುರುಕಿ. ಹಲ್ಲಿ ಕಂಡರೆ ಮಂಚ ಹತ್ತುವವಳು ಪಿಸ್ತೂಲು ಹಿಡಿದದ್ದು ಹೇಗೆಂದು ಮೈಸೂರಿನ ನೆಂಟರು ಇವತ್ತಿಗೂ ಕೇಳುತ್ತಾರೆ. ಆಕ್ಲೆಂಡಿಗೆ ಬಂದ ಹೊಸತರಲ್ಲಿ ಆಫೀಸಿನ ಗೆಳತಿಯೊಬ್ಬಳು ತಾನು ಗುರಿ ಹೊಡೆಯುವ ಕ್ಲಬ್ಬಿಗೆ ನನ್ನನ್ನು ಕರೆದುಕೊಂಡು ಹೋಗಿದ್ದಳು. ಅಲ್ಲಿ ಹೆದರುವವರಿಗೇ ಮರ್ಯಾದೆ. ಬೆರಳು ಎಲ್ಲಿರಬೇಕು, ನಳಿಗೆ ಯಾವ ಕಡೆ ನೋಡಬೇಕು, ಎಲ್ಲದಕ್ಕೂ ನಿಯಮ. ನನ್ನ ಹೆದರಿಕೆಗೆ ಯಾರೂ ನಗದ ಮೊದಲ ಜಾಗ ಅದು, ಅಲ್ಲೇ ಉಳಿದುಬಿಟ್ಟೆ.

ಆಮೇಲೆ ಆಕ್ಲೆಂಡಿನ ಅಂಚಿನ ಪಾಪಕುರಾದ ನಮ್ಮ ಮನೆಯ ಗರಾಜಿನಲ್ಲಿ ತೋಟಾಗಳನ್ನು ನಾನೇ ತುಂಬಿಕೊಳ್ಳತೊಡಗಿದೆ. ಹಾರಿಸಿ ಉಳಿದ ಹಿತ್ತಾಳೆ ಕೊಳವೆಗೆ ಹೊಸ ಮದ್ದು ಹಾಕಿ, ಮೇಲೆ ಸೀಸದ ಗುಂಡು ಕೂರಿಸಿ ಪ್ರೆಸ್ಸಿನಲ್ಲಿ ಒತ್ತುವ ಕೆಲಸ. ವರ್ಷಗಟ್ಟಲೆ ದುಂಡು ಮೂತಿಯ ಗುಂಡನ್ನೇ ಬಳಸಿದ್ದೆ. ಒಮ್ಮೆ ಅಂಗಡಿಯಲ್ಲಿ ಅದು ಮುಗಿದಿತ್ತೆಂದು ಮೂತಿಯಲ್ಲಿ ಗುಳಿ ಇರುವ ಬಗೆಯ ಒಂದು ಡಬ್ಬಿ ತಂದೆ. ಗುಂಡಿನ ತೂಕ ಅದೇ. ತೋಟಾದ ಒಟ್ಟು ಉದ್ದವನ್ನೂ ಮೊದಲಿನಷ್ಟೇ ಇಟ್ಟೆ. ಹಾಗಾದ ಮೇಲೆ ಮದ್ದೂ ಅಷ್ಟೇ ಇರಲಿ ಎಂದುಕೊಂಡು ಒಂದಷ್ಟು ತುಂಬಿಯೂ ಬಿಟ್ಟೆ.

ಬಿಡುವಾದಾಗ ಎರಡೂ ಬಗೆಯ ಗುಂಡುಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ನಿಲ್ಲಿಸಿ ನೋಡಿದೆ.  ಗುಳಿಮೂತಿಯದು ಉದ್ದವಿತ್ತು. ಮೂತಿ ಟೊಳ್ಳಾದ ಮೇಲೆ ತೂಕ ಸರಿಹೋಗಲು ಮೈ ಉದ್ದವಾಗಲೇಬೇಕಲ್ಲ. ಹೊರಗಿನ ಅಳತೆ ನಾನು ಬದಲಿಸಿರಲಿಲ್ಲ, ಆದ್ದರಿಂದ ಹೆಚ್ಚಿನ ಉದ್ದವೆಲ್ಲ ಕೊಳವೆಯೊಳಕ್ಕೆ ಇಳಿದು ಮದ್ದಿನ ಜಾಗವನ್ನು ತಿಂದಿತ್ತು. ಜಾಗ ಕಿರಿದಾದರೆ ಒತ್ತಡ ಏರಿ ಪಿಸ್ತೂಲೇ ಸಿಡಿಯಬಹುದು. ಕುಕ್ಕರಿಗೆ ಗೆರೆ ಮೀರಿ ಬೇಳೆ ತುಂಬಿ ಉರಿ ಮಾತ್ರ ಎಂದಿನಷ್ಟೇ ಇಟ್ಟ ಹಾಗೆ. ಇಲ್ಲಿ ಕುಕ್ಕರು ಇರುವುದು ನನ್ನ ಅಂಗೈಯಲ್ಲಿ, ಮುಖದೆದುರಿಗೆ. ಗುಂಡಿನ ಆಕಾರ ಬದಲಾದರೆ ತೋಟಾ ತುಂಬುವ ಕೈಪಿಡಿಯಲ್ಲಿ ಆ ಗುಂಡಿಗೆ ಹೇಳಿದ ಉದ್ದ ಹಿಡಿದು, ಅತಿ ಕಡಿಮೆ ಮದ್ದಿನಿಂದ ಹೊಸದಾಗಿ ಶುರುಮಾಡಬೇಕು. ಇದನ್ನು ನಾನು ಓದಿರಲಿಲ್ಲವೆಂದಲ್ಲ. ಓದಿಯೂ ಬುದ್ಧಿವಂತಿಕೆ ಮಾಡಿದ್ದೆ.

ಆ ಕೆಟ್ಟ ತೋಟಾಗಳನ್ನು ಬಿಚ್ಚಬೇಕೆಂದು ಒಂದು ಚೀಲಕ್ಕೆ ಹಾಕಿ ಕೆಂಪು ಪಟ್ಟಿ ಅಂಟಿಸಿದೆ. ಡಬ್ಬಿಯಲ್ಲಿ ಉಳಿದ ಗುಂಡುಗಳಿಗೆಲ್ಲ ಕೈಪಿಡಿಯ ಪ್ರಕಾರ ಕಡಿಮೆ ಮದ್ದು ಹಾಕಿ ಇನ್ನೊಂದು ಚೀಲ ಮಾಡಿದೆ. ಉದ್ದದಲ್ಲಿದ್ದ ವ್ಯತ್ಯಾಸ ಕೂದಲೆಳೆಯಷ್ಟು, ಅಳೆದೋ ತೂಗಿಯೋ ನಂಬಿಕೆಯಿಂದ ಬೇರ್ಪಡಿಸಲಾಗದಷ್ಟು. ಕಣ್ಣಿಗೆ ಎರಡೂ ಅವಳಿ ಜವಳಿ.

ಆಗ ಅತ್ತೆ ಮೈಸೂರಿನಿಂದ ಬಂದು ನಮ್ಮ ಜೊತೆಗಿದ್ದರು. ಆಯುಧಪೂಜೆಯ ದಿನ ಕಾರು, ಲ್ಯಾಪ್‌ಟಾಪು, ಈಳಿಗೆಮಣೆ ಎಲ್ಲಕ್ಕೂ ಕುಂಕುಮವಾಯಿತು. "ನಿಜವಾದ ಆಯುಧ ಇರೋದು ನಿನ್ ಹತ್ರ ಒಂದೇ ಕಣಮ್ಮ, ಅದನ್ನ ಬಿಡಕ್ಕಾಗತ್ತಾ?" ಎಂದರು. ಪಿಸ್ತೂಲು ತಿಜೋರಿಯಿಂದ ಹೊರಗೆ ಬರುವುದಿಲ್ಲ ಎಂದೆ. ಅವರ ಮುಖ ಸಣ್ಣದಾಯಿತು. ಕೊನೆಗೆ ತೋಟಾಗಳ ಪೆಟ್ಟಿಗೆಯ ಬೀಗ ತೆಗೆದು ಚೀಲಗಳನ್ನು ಪ್ರೆಸ್ಸಿನ ಪಕ್ಕ ಇಟ್ಟು ಸ್ನಾನಕ್ಕೆ ಹೋದೆ.

ಬಂದು ನೋಡಿದರೆ ಬೆಳ್ಳಿ ತಟ್ಟೆಯ ತುಂಬ ತೋಟಾಗಳು, ಮೇಲೆ ಅರಿಶಿನ, ಕುಂಕುಮ, ಹಿತ್ತಿಲ ಹೂವು. ಖಾಲಿ ಚೀಲಗಳೆರಡೂ ಮಡಿಸಿ ಪಕ್ಕದಲ್ಲಿದ್ದವು.

"ಪ್ಲಾಸ್ಟಿಕ್ಕಿಗೆ ಪೂಜೆ ಮಾಡ್ತಾರೇನೆ? ಸುರಿದುಬಿಟ್ಟೆ," ಎಂದರು ಅತ್ತೆ.

 ಮಂಗಳಾರತಿಗೆ ಕೈ ಮುಗಿದು ನಿಂತೆ, ಕಣ್ಣು ಮಾತ್ರ ತಟ್ಟೆಯ ಮೇಲಿತ್ತು. ಯಾವುದು ಯಾವುದೆಂದು ಹೇಳಲು ಇನ್ನು ದೇವರೇ ಬರಬೇಕು. ಭಾನುವಾರ ಕ್ಲಬ್ಬಿನಲ್ಲಿ ಸ್ಪರ್ಧೆ ಬೇರೆ. ಬಹುಪಾಲು ಒಳ್ಳೆಯವೇ, ಹೊಡೆದರೆ ಏನೂ ಆಗಲಿಕ್ಕಿಲ್ಲ ಎಂದು ಮನಸ್ಸು ಒಂದು ಗಳಿಗೆ ಪಿಸುಗುಟ್ಟಿತು. ಆ ಪಿಸುಮಾತಿಗೆ ನಾನು ಹೆದರಿದಷ್ಟು ತೋಟಾಗಳಿಗೂ ಹೆದರಿರಲಿಲ್ಲ.

ಪೂಜೆ ಮಾಡಿದ್ದನ್ನು ಆ ದಿನ ಮುಟ್ಟಬಾರದು. ಮರುದಿನ ವಿಜಯದಶಮಿ, ರಜೆ ಹಾಕಿ ಕೂತೆ. ಗುಂಡು ಕೀಳಲು ಸುತ್ತಿಗೆಯಂಥ ಸಾಧನವೊಂದಿದೆ. ತೋಟಾವನ್ನು ಅದರೊಳಗೆ ಸಿಕ್ಕಿಸಿ ಕಟ್ಟಿಗೆಯ ಮೇಲೆ ಬಡಿದರೆ ಗುಂಡೂ ಮದ್ದೂ ಬೇರೆಯಾಗುತ್ತವೆ.

"ಪೂಜೆ ಮಾಡಿದ್ದನ್ನ ಒಡೀತಿದ್ದೀಯಲ್ಲೇ," ಎಂದು ಅತ್ತೆ ಬಾಗಿಲಲ್ಲೇ ನಿಂತರು.

"ಬೆರೆತುಹೋಗಿದೆ ಅತ್ತೆ. ಕೆಲವು ಕೆಟ್ಟವು. ಹೊಡೆದ್ರೆ ಕೈ ಹೋಗ್ಬಹುದು, ಕಣ್ಣು ಹೋಗ್ಬಹುದು."

ಅವರು ಒಳಗೆ ಬಂದರು. ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತರು. ನಾನು ಬಡಿದು, ಉದುರಿದ ಮದ್ದನ್ನು ಪುಟ್ಟ ತಕ್ಕಡಿಯಲ್ಲಿ ತೂಗುತ್ತಿದ್ದೆ. ತೂಗುವ ಅಗತ್ಯವೇನೂ ಇರಲಿಲ್ಲ, ಎಲ್ಲವನ್ನೂ ಎಸೆಯುವುದೇ. ಆದರೆ ಹೆದರಿದವಳಿಗೆ ನೋಡದೆ ಇರಲಾಗದು. ಹಗುರ ಬಂದರೆ "ಒಳ್ಳೇದು" ಎನ್ನುತ್ತಿದ್ದೆ, ಭಾರ ಬಂದರೆ "ಕೆಟ್ಟದ್ದು". ಪ್ರತಿ "ಕೆಟ್ಟದ್ದು" ಎಂಬ ಮಾತಿಗೂ ಅತ್ತೆ ಸೆರಗನ್ನು ಬಿಗಿಯಾಗಿ ಹಿಡಿಯುತ್ತಿದ್ದರು.

ಕಿತ್ತ ಗುಂಡುಗಳನ್ನು ಅವು ಬಂದ ಡಬ್ಬಿಯಲ್ಲೇ, ಒಂದೊಂದು ಖಾನೆಗೆ ಒಂದರಂತೆ ಜೋಡಿಸುತ್ತ ಬಂದೆ. ತಟ್ಟೆ ಬರಿದಾಯಿತು. ಡಬ್ಬಿಯಲ್ಲಿ ಒಂದು ಖಾನೆ ಖಾಲಿ ಉಳಿಯಿತು.

ಮೇಜಿನ ಕೆಳಗೆ, ಹೂವಿನ ನಡುವೆ, ಪ್ರೆಸ್ಸಿನ ಹಿಂದೆ ಹುಡುಕಿದೆ. 

"ಒಂದು ಇಲ್ಲ ಅತ್ತೆ."

ಅತ್ತೆ ಬರಿದಾದ ತಟ್ಟೆಯತ್ತ ನೋಡಿದರು. ಆಮೇಲೆ ಎದ್ದು, ನಾನು ಕ್ಲಬ್ಬಿಗೆ ಒಯ್ಯುವ ಬ್ಯಾಗನ್ನು ಗೋಡೆಯಿಂದ ಇಳಿಸಿದರು. ಕನ್ನಡಕ ಇಡುವ ಜೇಬಿಗೆ ಕೈ ಹಾಕಿ ಕರವಸ್ತ್ರದ ಪುಟ್ಟ ಗಂಟು ತೆಗೆದರು. ಒಳಗೆ ಬಾಡಿದ ಹೂವು, ಕುಂಕುಮ ಹಚ್ಚಿದ ತೋಟಾ.

"ಪ್ರಸಾದ ಅಂತ ಇಟ್ಟಿದ್ದೆ. ಭಾನುವಾರ ಮೊದಲು ಇದನ್ನೇ ಹೊಡಿ ಅಂತ ಹೇಳೋಣ ಅಂತಿದ್ದೆ," ಎಂದರು. ದನಿ ತೀರ ಇಳಿದಿತ್ತು.

ಅದನ್ನು ತೆಗೆದುಕೊಂಡು ಸಾಧನಕ್ಕೆ ಸಿಕ್ಕಿಸಿ ಬಡಿದೆ. ಮದ್ದನ್ನು ತಕ್ಕಡಿಗೆ ಸುರಿದೆ. ಅಂಕಿ ಏರುತ್ತ ಹೋಗಿ ನನ್ನ ಹಳೆಯ, ಭಾರದ ಅಳತೆಗೆ ಬಂದು ನಿಂತಿತು.

ಅತ್ತೆಗೆ ಕನ್ನಡಕವಿಲ್ಲದೆ ಆ ಅಂಕಿ ಕಾಣುತ್ತಿರಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು.

"ಒಳ್ಳೇದೇ ಅತ್ತೆ," ಎಂದೆ.

ತಕ್ಕಡಿಯ ಬಟ್ಟಲನ್ನು ಎತ್ತಲು ಹೋದೆ. ಮದ್ದು ಅರ್ಧ ಮೇಜಿನ ಮೇಲೆ ಚೆಲ್ಲಿತು. ಅತ್ತೆ ಒದ್ದೆ ಬಟ್ಟೆ ತಂದು ನಿಧಾನವಾಗಿ ಒರೆಸಿದರು. ಆಮೇಲೆ ಬಟ್ಟೆ ಅಲ್ಲೇ ಬಿಟ್ಟು ನನ್ನ ಎರಡೂ ಕೈ ಹಿಡಿದುಕೊಂಡರು.

"ಒಳ್ಳೇದಾಗಿದ್ರೆ ಕೈ ಯಾಕಮ್ಮ ಹೀಗೆ ನಡುಗತ್ತೆ?" ಎಂದು ಕೇಳಿದರು.