ಗಂಜಿಗೆ ಯಾವುದು, ಸರಕ್ಕೆ ಯಾವುದು

ಬೆಳಕು ಹರಿಯುವ ಹೊತ್ತಿಗೆ ಮಣಿಯಕ್ಕ ಆಳೆತ್ತರದ ಹುಲ್ಲಿನ ನಡುವೆ ತಲೆ ಕೆರೆದುಕೊಳ್ಳುತ್ತ ನಿಂತಿದ್ದಾಳೆ. ಸೊಂಟದಲ್ಲಿ ಕೆಂಪು ಚಿಂದಿ, ಬಿಳಿ ಚಿಂದಿ. ಬೂದುಬಣ್ಣದ ಕಾಳೊಂದನ್ನು ಕಿತ್ತು ಉಗುರಿನಿಂದ ಒತ್ತುತ್ತಾಳೆ. ಸಿಪ್ಪೆ ಬಿರಿದರೆ ಗಿಡಕ್ಕೆ ಬಿಳಿ, ಇಲ್ಲದಿದ್ದರೆ ಕೆಂಪು.

"ಮೊದ್ಲು ಕಡಿದು ನೋಡ್ತಿದ್ದೆ. ಹೋದ ವಾರ ದವಡೆ ಹಲ್ಲು ಮುರೀತು. ಈಗ ಉಗುರೇ ಗತಿ!"

ಮಣಿಹುಲ್ಲಿನಲ್ಲಿ ಎರಡು ಜಾತಿ. ಗಟ್ಟಿ ಕಾಳು ಸರಕ್ಕೆ. ತೂತು ಹುಟ್ಟಿನಿಂದಲೇ ಇರುತ್ತದೆ, ದಾರ ಪೋಣಿಸಿದರಾಯಿತು. ದಿನಕ್ಕೆ ಹನ್ನೆರಡು ಸರ ಕಟ್ಟುತ್ತಾಳೆ. ಮೆತ್ತನೆ ಸಿಪ್ಪೆಯದನ್ನು ಕುಟ್ಟಿ ಬೇಯಿಸಿದರೆ ಗಂಜಿ. ಹಲ್ಲಿಲ್ಲದ ಅತ್ತೆಗೆ ಎರಡು ಹೊತ್ತೂ ಅದೇ. ಸುತ್ತಮುತ್ತ ಆ ಬೀಜ ಇನ್ಯಾರಲ್ಲೂ ಇಲ್ಲ. ಅದಕ್ಕೇ ಅತ್ತೆ ಎರಡು ಡಬ್ಬಿಯಲ್ಲಿ ಬೇರೆ ಬೇರೆಯಾಗಿ ಕಾಪಾಡಿ ಸೊಸೆಗೆ ಕೊಟ್ಟಿದ್ದರು.

ಈ ಸಲ ಅವಳು ಸರ ಮಾರಲು ಹೋಗಿದ್ದಾಗ ಗಂಡ ಡಬ್ಬಿಗಳನ್ನು ಒಟ್ಟಿಗೆ ಸುರಿದು, ಬಿತ್ತಿಯೂ ಬಿಟ್ಟ.

"ಎರಡೂ ಹುಲ್ಲೇ ತಾನೆ ಅಂದ್ರು. ಬೈಬೇಕೋ, ಬಿತ್ತಿ ಕೊಟ್ರಲ್ಲ ಅಂತ ಹೊಗಳ್ಬೇಕೋ, ಇವತ್ತಿಗೂ ತಿಳೀತಿಲ್ಲ."

ಇರುವುದು ಮುನ್ನೂರ ನಲವತ್ತು ಗಿಡ, ನೋಡಲು ಎಲ್ಲವೂ ಒಂದೇ. ಎಳೆಯದಾಗಿದ್ದರೆ ಗಟ್ಟಿ ಜಾತಿಯ ಕಾಳೂ ಉಗುರಿಗೆ ಬಿರಿಯುತ್ತದೆ. ನಿನ್ನೆ ಬಿಳಿ ಕಟ್ಟಿದ ಗಿಡಕ್ಕೆ ಇಂದು ಕೆಂಪು. ಕೆಲವಕ್ಕೆ ಎರಡೂ ಚಿಂದಿ ನೇತಾಡುತ್ತಿವೆ. ವಿಷಯ ಅತ್ತೆಗೆ ಗೊತ್ತಿಲ್ಲ. ಹೇಳಲು ಅವಳಿಗೆ ಧೈರ್ಯವಿಲ್ಲ.

ಇವತ್ತು ಬೇರೆ ದಾರಿ ಕಾಣದೆ ಒಂದು ಹಿಡಿ ಕಾಳು ಒಯ್ದು, ಮಂಚದಲ್ಲಿ ಕೂತ ಅತ್ತೆಯ ಅಂಗೈಗೆ ಸುರಿಯುತ್ತಾಳೆ. "ಬೆರೆತೋಗಿದೆ ಅತ್ತೆ," ಎನ್ನುವಷ್ಟರಲ್ಲಿ ಅಳು ಬರುತ್ತದೆ.

ಕಣ್ಣು ಮಂಜಾದ ಅತ್ತೆ ಕಾಳನ್ನು ಒತ್ತುವುದಿಲ್ಲ, ಬೆರಳಲ್ಲಿ ಹೊರಳಿಸುತ್ತಾರೆ. ನೋಡನೋಡುತ್ತಿದ್ದಂತೆ ಮಡಿಲಲ್ಲಿ ಎರಡು ಗುಡ್ಡೆ.

"ನುಣ್ಣಗಿದ್ರೆ ಸರಕ್ಕೆ, ಗೀರು ಸಿಕ್ರೆ ಗಂಜಿಗೆ. ಅಳ್ಬೇಡ ಕಣೇ. ನಾನೂ ಬೆರೆಸಿದ್ದೆ, ನಿಮ್ಮ ಮಾವನ ಕಾಲದಲ್ಲಿ. ಆರಿಸಿ ಬಿತ್ತಿದ್ರೂ ಗಾಳಿಗೆ ಹೂವಿನ ಪುಡಿ ಹಾರಿ ಮತ್ತೆ ಮತ್ತೆ ಬೆರೀತಿತ್ತು. ಡಬ್ಬಿ ಎರಡಾಗೋಕೆ ಆರು ವರ್ಷ ಹಿಡೀತು."

ಮಣಿಯಕ್ಕನೂ ಉಜ್ಜಿ ನೋಡುತ್ತಾಳೆ. ದಾರ ಎಳೆದೆಳೆದು ಜಡ್ಡುಗಟ್ಟಿದ ಬೆರಳಿಗೆ ಗೀರು ಸಿಗುವುದಿಲ್ಲ. ಎಡಗೈ ಕಿರುಬೆರಳಲ್ಲಿ ಪ್ರಯತ್ನಿಸಿದಾಗ ಸಿಕ್ಕಿತೇನೋ ಅನಿಸುತ್ತದೆ.

ಅತ್ತೆಗೆ ಈಗ ಎಂಬತ್ತನಾಲ್ಕು. ಹೊರಗೆ ಬಂದು ಚಿಂದಿ ಬಿಚ್ಚುತ್ತ ಮಣಿಯಕ್ಕ ತಗ್ಗಿದ ದನಿಯಲ್ಲಿ ಹೇಳುತ್ತಾಳೆ: "ಬೆರಳು ಕಲಿಯುತ್ತೆ ಬಿಡಿ. ಅತ್ತೆ ಇನ್ನಾರು ವರ್ಷ ಇದ್ರೆ ಸಾಕು."