ಖಂಬಾತಿನ ಕೋಟೆ ಬಾಗಿಲಲ್ಲಿ ಕೇಳಿದ ದನಿ

ಯಾರಾದರೂ ದೆವ್ವ, ಗಾಳಿ ಸೋಂಕು, ಕಾಣದ ದನಿ ಎಂದು ಮಾತು ತೆಗೆದರೆ ನಾನು ನಕ್ಕು ಎದ್ದುಹೋಗುತ್ತಿದ್ದೆ. ನನಗೇ ಹಾಗೊಂದು ಅನುಭವವಾದ ಮೇಲೆ ನಗುವುದನ್ನು ಬಿಟ್ಟೆ. ನೀವು ನಕ್ಕರೆ ನನಗೆ ಬೇಸರವಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ನಾನೂ ರುದ್ರೇಶನೂ ಕೊಬ್ಬರಿ ಆರಿಸುವ ಕೆಲಸದಲ್ಲಿದ್ದೆವು. ಒಂದೇ ರೂಮಿನಲ್ಲಿ ಆರು ವರ್ಷ ಇದ್ದವರು. ಅಮ್ಮಸಂದ್ರದ ಜಯಮ್ಮನನ್ನು ನನಗೆ ಕೊಡುವುದೆಂದು ಮಾತಾಗಿತ್ತು. ಹೆಣ್ಣು ನೋಡಲು ನನ್ನ ಜೊತೆ ಬಂದಿದ್ದವನೂ ರುದ್ರೇಶನೇ.

ಒಮ್ಮೆ ಅವನು ಕೊಬ್ಬರಿ ಲೋಡಿನ ಜೊತೆ ಗುಜರಾತಿಗೆ ಹೋದ. ಮೂರು ವಾರದ ಮೇಲೆ ಆ ಲಾರಿಯ ಡ್ರೈವರ್ ಒಂದು ಚೀಟಿ ತಂದುಕೊಟ್ಟ. ಅಕ್ಷರ ರುದ್ರೇಶನದೇ. ಅಲ್ಲಿನ ಹಳೆಯ ಬಂದರು ಊರಾದ ಖಂಬಾತಿನಲ್ಲಿ ಕೊಬ್ಬರಿ ಪರೀಕ್ಷೆ ಮಾಡಬಲ್ಲವನೊಬ್ಬ ಬೇಕಾಗಿದ್ದಾನೆ, ಒಳ್ಳೆಯ ಕೆಲಸ, ಮದುವೆಗೆ ಮೊದಲೇ ಹಿಡಿದುಬಿಡು, ಬರುವ ಭಾನುವಾರ ಬೆಳಿಗ್ಗೆ ಸಮುದ್ರದ ಕಡೆಯ ಕೋಟೆ ಬಾಗಿಲಲ್ಲಿ ಕಾದಿರುತ್ತೇನೆ ಎಂದು ಬರೆದಿದ್ದ. ನಾನು ಎರಡನೇ ಮಾತಿಲ್ಲದೆ, ಅಮ್ಮಸಂದ್ರಕ್ಕೂ ಹೇಳಿಕಳಿಸದೆ ಹೊರಟೆ.

ಆ ಬಾಗಿಲು ಸುಲ್ತಾನರ ಕಾಲದ್ದು. ಎತ್ತರದ ಕಮಾನು, ಅದರ ಮೇಲೆ ಸವೆದುಹೋದ ಅರಬ್ಬಿ ಅಕ್ಷರಗಳು, ಒಳಗೆ ಎರಡು ಕಡೆಯೂ ಕಾವಲಿನವರು ಕೂರುವ ಕಲ್ಲಿನ ಗೂಡುಗಳು. ಎದುರಿಗೆ ಚಹಾ ಮಾರುತ್ತಿದ್ದ ಮುದುಕರೊಬ್ಬರು, ಹಿಂದೆ ಹಡಗು ಇಲ್ಲಿಯವರೆಗೂ ಬರುತ್ತಿತ್ತು, ಈಗ ಸಮುದ್ರ ಹಿಂದೆ ಸರಿದಿದೆ ಎಂದು ತಿಳಿಸಿದರು. ತಿಪಟೂರಿನ ಪೇಟೆಯಲ್ಲಿ ಕಲಿತ ಅರೆಬರೆ ಉರ್ದುವಿನಲ್ಲಿ ನಾನೂ ಮಾತಾಡಿದೆ. ಬಾಗಿಲಾಚೆ ಕಣ್ಣಿಗೆ ಕಂಡದ್ದು ಬರೀ ಕೆಸರು.

ಎಂಟಕ್ಕೆ ಬಂದವನು ಹನ್ನೊಂದಾದರೂ ಕಾಯುತ್ತಲೇ ಇದ್ದೆ. ಬಿಸಿಲು ತಡೆಯದೆ ಕಮಾನಿನ ಒಳಗೆ ಹೋಗಿ ನಿಂತೆ. ಆಗ ಬಲಗಡೆಯ ಗೂಡಿನಿಂದ, ಒಂದು ಮಾರು ದೂರದಲ್ಲಿ, ರುದ್ರೇಶ ಮಾತಾಡಿದ.

"ಕಾಯ್‌ಬ್ಯಾಡ ಕಣ್ಲಾ. ನಾನ್ ಬರಲ್ಲ. ಊರ್ಗೆ ಹೋಗು."

ತಮಾಷೆ ಮಾಡುತ್ತಿದ್ದಾನೆಂದು ಸಂತೋಷದಿಂದ "ಲೇ ರುದ್ರಾ!" ಎಂದು ತಿರುಗಿದೆ. ಗೂಡು ಖಾಲಿ. ಇನ್ನೊಂದು ಕಡೆಯದೂ ಖಾಲಿ. ಹೊರಗೆ ಓಡಿಬಂದು ಚಹಾದ ಮುದುಕರನ್ನು ಕೇಳಿದೆ. ಅವರು ನನ್ನ ಮುಖ ನೋಡಿ, "ಅಂದರ್ ಕೋಯಿ ನಹೀ ಬೇಟಾ, ತುಮ್ ಅಕೇಲೇ ಗಯೇ ಥೇ" ಎಂದರು. ಒಳಗೆ ಯಾರೂ ಇಲ್ಲ, ನೀನೊಬ್ಬನೇ ಹೋಗಿದ್ದೆ ಎಂದು. ಆ ಹಿಂದಿ ಗುಜರಾತಿಗಳ ನಡುವೆ ನಮ್ಮ ಕಡೆಯ ಕನ್ನಡ ಆಡುವವರು ಯಾರಿದ್ದರು? ಅದೇ ದಿನ ರೈಲು ಹತ್ತಿದೆ.

ಊರಿಗೆ ಬಂದಾಗ ರೂಮಿನಲ್ಲಿ ರುದ್ರೇಶನ ಟ್ರಂಕು ಇರಲಿಲ್ಲ. ಮಂಡಿಯಲ್ಲಿ ಯಾರೂ ನನ್ನ ಮುಖ ನೋಡಲಿಲ್ಲ. ನೇರವಾಗಿ ಅಮ್ಮಸಂದ್ರಕ್ಕೆ ಹೋದೆ. ಜಯಮ್ಮನ ತಂದೆ ಜಗುಲಿಯ ಮೇಲೆ ಕೂತಿದ್ದರು. ಮನೆ ಮುಂದೆ ಚಪ್ಪರ ಇನ್ನೂ ಬಿಚ್ಚಿರಲಿಲ್ಲ.

"ಇಷ್ಟ ಇಲ್ದಿದ್ರೆ ನನ್ ಮುಂದೆ ಹೇಳ್ಬೋದಿತ್ತಲ್ಲಪ್ಪ. ಹೇಳ್ದೆ ಕೇಳ್ದೆ ಗುಜರಾತ್‌ಗೆ ಓಡೋಗ್ಬೇಕಿತ್ತಾ? ನೀನ್ ಹೊರಟ ಮಾರ್ನೇ ದಿನ್ವೇ ರುದ್ರೇಶಪ್ಪ ಬಂದು, ನಿಂಗೆ ಹುಡ್ಗಿ ಬ್ಯಾಡ್ವಂತೆ ಅಂತ ಹೇಳಿ, ತಾನೇ ಕಟ್ಕಂತೀನಿ ಅಂತ ನಮ್ ಮರ್ಯಾದೆ ಉಳಿಸ್ದ. ಭಾನ್ವಾರ ಧಾರೆ ಎರ್ದು ಕೊಟ್ವಿ" ಎಂದರು.

ಆಮೇಲೆ ಚಪ್ಪರದ ಕಡೆ ನೋಡುತ್ತಾ ಸೇರಿಸಿದರು: "ಧಾರೆ ಹೊತ್ನಲ್ಲಿ ಅವ್ನು ಇದ್ದಕ್ಕಿದ್ದಂಗೆ 'ಕಾಯ್‌ಬ್ಯಾಡ ಕಣ್ಲಾ' ಅಂದ್‌ಬುಟ್ಟ. ಯಾರ್ಗಪ್ಪ ಅಂತ ಎಲ್ರೂ ನೋಡ್ತಿದ್ರೆ ತಾಳಿ ಕೈಗೆತ್ಕಂಡ."

ಮುಹೂರ್ತ ಎಷ್ಟು ಗಂಟೆಗೆ ಎಂದು ಕೇಳಿದೆ. ಹನ್ನೊಂದಕ್ಕೆ ಎಂದರು.

ಖಂಬಾತಿನಲ್ಲಿ ಕೇಳಿದ್ದನ್ನು ನಾನು ಆವರೆಗೆ ಯಾರಿಗೂ ಹೇಳಿರಲಿಲ್ಲ. ಆಗಲೂ ಹೇಳಲಿಲ್ಲ. ಜೇಬಿನಿಂದ ಚೀಟಿ ತೆಗೆದು ಅವರ ಕೈಗೆ ಕೊಟ್ಟೆ. ಅವರು ಎರಡು ಸಲ ಓದಿದರು. ನನ್ನ ಪರವಾಗಿ ಒಂದು ಮಾತು ಬರುತ್ತದೆಂದು ಕಾದೆ.

"ಇದ್ನ ಯಾರ್ಗೂ ತೋರಿಸ್‌ಬ್ಯಾಡ ಕಣಪ್ಪ. ನನ್ ಮಗ್ಳು ಅಲ್ಲಿ ಬಾಳ್ಬೇಕು" ಎಂದು ಚೀಟಿಯನ್ನು ಹರಿದರು. ನಾನು ಹೆಣ್ಣು ಬಿಟ್ಟು ಓಡಿದವನಾಗಿಯೇ ಉಳಿದೆ.

ಎರಡು ವರ್ಷದ ಮೇಲೆ ಸಂತೆಯಲ್ಲಿ ರುದ್ರೇಶ ಎದುರಾದ. ಧಾರೆಯ ಹೊತ್ತಿನಲ್ಲಿ ಏನಾಯಿತು ಎಂದೊಂದೇ ಕೇಳಿದೆ. "ಕಲ್ಲಿನ ಕಮಾನಿನ ಕತ್ಲೇಲಿ ನಿನ್ ಬೆನ್ನು ಕಾಣ್ತು ಕಣ್ಲಾ" ಎಂದವನು ತಲೆ ತಗ್ಗಿಸಿ ಜನರ ನಡುವೆ ಹೊರಟುಹೋದ.

ಅವನ ಮೋಸ ನನಗೆ ಅರ್ಥವಾಗುತ್ತದೆ. ಹುಡುಗಿ ಬೇಕೆನಿಸಿತು, ದಾರಿ ಹುಡುಕಿದ. ಆದರೆ ಆ ದನಿಯಲ್ಲಿ ನಮ್ಮ ರೂಮಿನ ಹಳೆಯ ಅಕ್ಕರೆಯಿತ್ತು. ಅದು ಎಲ್ಲಿಂದ ಬಂತು, ಯಾಕೆ ಬಂತು ಎಂಬುದು ನನಗೆ ಇವತ್ತಿಗೂ ತಿಳಿದಿಲ್ಲ.