ದುಬೈಗೆ ಬಂದ ಚಾಂದನಿ

ದಸ್ತಗೀರ ಚಾಚಾ ಎಮ್ಮೆ ಹಿಂಡುವಾಗಲೂ ಕಪ್ಪು ಕನ್ನಡಕ ತೆಗೆಯುತ್ತಿರಲಿಲ್ಲ. ದುಬೈಯಿಂದ ಅವರು ತಂದದ್ದು ಅದೊಂದೇ. ಎಂಟೇ ತಿಂಗಳಿಗೆ ವಾಪಸಾದ ಅವರನ್ನು ನಮ್ಮ ಸದಲಗಾದ ಮಂದಿ ‘ಓಡಿ ಬಂದಾಂವ’ ಅಂತಲೇ ಕರೆಯುತ್ತಿದ್ದರು.

“ಬಾಲದ ಏಟು ಕಣ್ಣಿಗೆ ಬೀಳಬಾರ್ದಂತ ಹಾಕ್ಕೊಂಡೀನಿ, ಶೋಕಿಗಲ್ಲ,” ಅನ್ನುತ್ತಿದ್ದರು ಚಾಚಾ.

ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಬಹುಮಾನ ಗೆದ್ದವಳು ನಾನು, ಬಿಡುತ್ತೇನೆಯೇ? “ಹಂಗಾರ ಪ್ಯಾಟ್ಯಾಗ ಯಾವ ಎಮ್ಮಿ ಬಾಲ ಬೀಸ್ತೈತ್ರಿ?”

“ನೀ ವಕೀಲಕಿ ಮಾಡ ಬೇಟಿ. ನನ್ನ ಕೇಸ್ ಮಾತ್ರ ಹಿಡೀಬ್ಯಾಡ.”

ದುಬೈ ಕನಸು ಹೊತ್ತು ಹೋಗಿ, ಅಲ್ಲಿ ಭ್ರಮೆ ಹರಿದು ಮರಳಿದವರ ಕಥೆಯನ್ನು ಸಿನಿಮಾ ಮಾಡಲು ಆಗ ಒಂದು ತಂಡ ಬಂತು. ಮರುಭೂಮಿಗೆಂದು ಅವರು ಆರಿಸಿದ್ದು ಸತ್ತಿ ಊರಿನ ಹತ್ತಿರದ ಕೃಷ್ಣಾ ನದಿಯ ಉಸುಕು. ಚಾಚಾಗೆ ಕೂಲಿಯವನ ಪಾತ್ರ, ಒಂದೇ ದೃಶ್ಯ: ಪಾಸ್‌ಪೋರ್ಟ್ ಕಸಿದುಕೊಂಡಿದ್ದಾರೆ, ಕೂಲಿಯವ ಉಸುಕಿನಲ್ಲಿ ಕೂತು ಅಳಬೇಕು.

“ಇದು ನಂದ ಕಥಿ. ನಾ ಯಾಕ ಬಂದೆ ಅಂತ ಮಂದಿ ಒಮ್ಮೆ ಕಣ್ಣಾರೆ ನೋಡ್ಲಿ,” ಅಂದರು.

ತೊಡಕು ಒಂದೇ. ಅವರ ಎಮ್ಮೆ ಚಾಂದನಿ ಬೇರೆಯವರಿಗೆ ಹಾಲು ಕೊಡುತ್ತಿರಲಿಲ್ಲ. ಅದನ್ನೂ ಟೆಂಪೋ ಹತ್ತಿಸಿ ಸತ್ತಿಗೆ ಒಯ್ದರು. ಕ್ಯಾಮೆರಾ ಮುಂದೆ ಚಾಚಾ ಹೋ ಎಂದು ಅತ್ತರು. ದನಿ ಕೇಳಿದ ಚಾಂದನಿ ಹಗ್ಗ ಹರಿದುಕೊಂಡು ನೇರ ದುಬೈಗೆ ಬಂತು. ಮತ್ತೊಮ್ಮೆ ತೆಗೆಯೋಣವೆಂದರೆ, ಎಮ್ಮೆಯ ಮೋರೆ ಕಂಡ ಚಾಚಾಗೆ ಅಳುವೇ ಬರಲಿಲ್ಲ. ಮೊದಲ ಸಲದ್ದೇ ಉಳಿಯಿತು.

ಸಿನಿಮಾ ಮುಗಿದ ಮೇಲೆ ನಮ್ಮೂರ ಮದುವೆ ಮಂಟಪದಲ್ಲಿ ಪರದೆ ಕಟ್ಟಿ ತೋರಿಸಿದರು. ಚಾಚಾ ಅತ್ತ ಕೂಡಲೇ ಹಿಂದಿನಿಂದ ಯಾರೋ, “ಲೇ, ಚಾಂದನಿ ವೀಸಾ ಇಲ್ದ ಹೋಗೈತಿ,” ಅಂದ. ಮಂಟಪವೇ ಬಿದ್ದು ಬಿದ್ದು ನಕ್ಕಿತು. ಹೊಟ್ಟೆ ಹಿಡಿದುಕೊಂಡು ನಾನೂ ನಕ್ಕೆ. ಚಾಚಾ ಎದ್ದು ಹೊರಗೆ ಹೋದರು.

ಮರುದಿನ ಸಮಾಧಾನ ಹೇಳಲು ಹೋದವಳು ಚಟ ಬಿಡದೆ ವಾದಕ್ಕೇ ನಿಂತೆ. “ಮಂದಿ ನಕ್ಕಿದ್ದು ತಪ್ಪಲ್ಲರಿ ಚಾಚಾ. ದುಬೈದಾಗ ಎಮ್ಮಿ ಎಲ್ಲಿರ್ತೈತಿ?”

ಚಾಂದನಿಯ ಹೊಟ್ಟೆಗೆ ಹಣೆ ಆನಿಸಿ ಹಿಂಡುತ್ತಲೇ ಅಂದರು: “ಇರಾಂಗಿಲ್ಲ ಬೇಟಿ. ಇದ್ದಿದ್ರ ನಾ ಯಾಕ ಬರ್ತಿದ್ನಿ?”

ನಾನು ಸೋತ ಮೊದಲ ಚರ್ಚೆ ಅದು. ಅಂದಿನಿಂದ ಯಾರು ‘ಓಡಿ ಬಂದಾಂವ’ ಅಂದರೂ ಆ ಕೇಸು ನನ್ನದು.

ಹೋದ ವರ್ಷ ಚಾಚಾ ತೀರಿಕೊಂಡರು. ಮೂರು ದಿನ ಚಾಂದನಿ ಯಾರನ್ನೂ ಹತ್ತಿರ ಬಿಡಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಚಾಚಿ ಆ ಕಪ್ಪು ಕನ್ನಡಕ ಹಾಕಿಕೊಂಡು ಹಿಂಡಲು ಕೂತರು. ಬೇರೆಯವರು ಹೇಳಿದ್ದರೆ ನಾನು ಪುರಾವೆ ಕೇಳುತ್ತಿದ್ದೆ. ಆದರೆ ಬಕೆಟ್ ಹಿಡಿದು ಪಕ್ಕದಲ್ಲಿ ನಿಂತವಳೇ ನಾನು: ಚಾಂದನಿ ಕತ್ತು ತಿರುಗಿಸಿ ಕನ್ನಡಕವನ್ನು ಒಮ್ಮೆ ಮೂಸಿತು, ಹಾಲು ಬಿಟ್ಟಿತು.